ಆರನೇ ಕಲಂ

ಇಲಾಖೆಯಿಂದ ನಮೂನೆ ಬಂದಿದೆ, ಶನಿವಾರದೊಳಗೆ ತುಂಬಬೇಕು:
ತಂತ್ರಾಂಶ ಬಳಸುವ ಮೊದಲು ಸರಾಸರಿ ಅಂಕ ಎಷ್ಟು,
ಬಳಸಿದ ಮೇಲೆ ಎಷ್ಟು.
ಹನ್ನೊಂದೂವರೆ ಎಂದು ಬರೆದೆ. ಹದಿನಾಲ್ಕು ಎಂದು ಬರೆದೆ.
ಸುಳ್ಳಲ್ಲ.
ಲೋಟದ ನೀರಲ್ಲಿ ಪೆನ್ಸಿಲು ಮುರಿದಂತೆ ಕಾಣುವುದನ್ನು
ಹದಿಮೂರು ವರ್ಷ ಬಳಪದಲ್ಲಿ ಬರೆದು ಸೋತವಳು ನಾನು.
ಅದು ಎರಡೇ ನಿಮಿಷದಲ್ಲಿ ತೋರಿಸಿತು,
ಕಿರಣಕ್ಕೆ ಕೆಂಪು, ಲಂಬಕ್ಕೆ ಚುಕ್ಕಿಗೆರೆ,
ಜೊತೆಗೆ ಯಾವ ಊರಿನದೂ ಅಲ್ಲದ ದನಿ:
"ಮಕ್ಕಳೇ, ಈಗ ಗಮನಿಸೋಣ."

ಸೂರಜ ಹರಿಕಂತ್ರ, ಬೆಳಕಿನ ಪಾಠಕ್ಕೆ ಮೂರು ಸಲ ಸೊನ್ನೆ ಪಡೆದವ,
ಎದ್ದು ನಿಂತ:
"ಮೀನು ಕಂಡಲ್ಲೇ ಇರೂದಿಲ್ಲ ಅಕ್ಕೋರೆ,
ಸ್ವಲ್ಪ ಕೆಳಗೆ ಚುಚ್ಚಬೇಕು. ಇದು ಅದೇ ಅಲ್ಲವಾ?"
ಅದೇ. ಅದೇ ಮಾರಾಯ.
ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ ಆ ಈಟಿಯನ್ನು?

ಆದರೆ ನಾನು ಹೇಳಹೊರಟದ್ದು ಗುರುವಾರದ ಮಾತು.
ಪರದೆ ಕಾಣಲೆಂದು ಕಿಟಕಿಗಳಿಗೆಲ್ಲ
ಬಂದರಿನಿಂದ ತಂದ ಕಪ್ಪು ತಾಡಪತ್ರಿ ಹೊಡೆದಿದ್ದೆವು,
ಬೈತಖೋಲದ ಬೆಳಗನ್ನು ಹೊರಗೆ ನಿಲ್ಲಿಸಿ
ಕೋಣೆಯನ್ನು ಐಸು ಪೆಟ್ಟಿಗೆಯ ಒಳಗಿನಷ್ಟು ಕತ್ತಲೆ ಮಾಡಿ.
ಕಿರಣ ಮಸೂರದ ತನಕ ಬಂದಿತ್ತು, ಕರೆಂಟು ಹೋಯಿತು.
ದನಿ "ಗಮನಿ" ಎಂಬಲ್ಲಿ ನಿಂತಿತು.
ಯಾರೋ ಸಿಳ್ಳೆ ಹಾಕಿದರು. ಒಂದು ಬೆಂಚು ಬಿತ್ತು.
ತಾಡಪತ್ರಿ ಎಳೆಯಿರಿ ಎನ್ನಬೇಕು, ಅಷ್ಟರಲ್ಲಿ
ಹಿಂದಿನ ಗೋಡೆ ನೋಡಿ ಸುಹಾಸಿನಿ ತಾಂಡೇಲ, ಸಣ್ಣಗೆ:
"ದೋಣಿ."

ಮೊಳೆ ತಪ್ಪಿ ಹೊಡೆದ ಒಂದು ತೂತು.
ಅದರೊಳಗಿಂದ ಸಮುದ್ರ ಇಡಿಯಾಗಿ ನುಸುಳಿ ಬಂದು
ಸುಣ್ಣದ ಗೋಡೆಯಲ್ಲಿ ತಲೆಕೆಳಗಾಗಿ ನಿಂತಿತ್ತು.
ಮೇಲೆ ನೀರು, ಕೆಳಗೆ ಆಕಾಶ,
ನಡುವೆ ಮಂಕಾದ ಹಸಿರು ಬೋಟು, ಕಂಬ ಕೆಳಗೆ ಮಾಡಿ,
ಹೊರಗೆ ಉತ್ತರಕ್ಕೆ ಹೊರಟದ್ದು ಒಳಗೆ ದಕ್ಷಿಣಕ್ಕೆ.

ಮಗುಚಿದ ದೋಣಿಗೆ ಯಾರೂ ನಗಲಿಲ್ಲ.
ಈ ಮಕ್ಕಳು ನಗುವುದಿಲ್ಲ ಅದಕ್ಕೆ.
ಸುಹಾಸಿನಿ ಹೋಗಿ ಅಂಗೈ ಒಡ್ಡಿದಳು.
ಕೈ ತೂತಿನತ್ತ ತಂದಷ್ಟೂ ಬೋಟು ಸಣ್ಣದಾಗಿ, ಹೊಳಪಾಗಿ,
ಕೊನೆಗೆ ಒಂದು ಗೆಣ್ಣಿನೊಳಗೆ ಹಿಡಿಯಿತು.
"ನಮ್ಮದೇ," ಎಂದಳು. "ಅಪ್ಪ ಬಂದ."

ಬೆಳಕು ನೇರ ಚಲಿಸುತ್ತದೆಂದು ಹಿಂದೆಯೇ ಬರೆಸಿದ್ದೆ, ಕೆಳಗೆರೆ ಎಳೆಸಿ.
ಆ ದಿನ ಏನೂ ಬರೆಸಲಿಲ್ಲ.
ಕರೆಂಟು ಬಂತು. ದನಿ "ಸೋಣ" ಎಂದಿತು.
ಗೋಡೆ ಬರೀ ಗೋಡೆಯಾಯಿತು.
"ಆಫ್ ಮಾಡಿ ಅಕ್ಕೋರೆ," ಎಂದು ಕೂಗಿದವರು ಮೂವತ್ತೆಂಟು ಮಂದಿ.

ನಮೂನೆಯ ಆರನೇ ಕಲಂ:
ಕೊಠಡಿಗೆ ಬೇಕಾದ ದುರಸ್ತಿ ಇದ್ದರೆ ತಿಳಿಸಿ.
ಬರೆದೆ: ತಾಡಪತ್ರಿಯಲ್ಲಿ ಒಂದು ತೂತಿದೆ.
ದುರಸ್ತಿ ಬೇಡ.