ಕುದಿಸಬೇಡಿ

ನಗರಸಭೆಯ ನೆಲಮಾಳಿಗೆಯಲ್ಲಿ ನಾನು ಅಚ್ಚಿನವನು.
ಮೇಲಿನವರು ಬರೆದದ್ದನ್ನು
ಓದದೆ ಒತ್ತುವುದೇ ನನ್ನ ಕಸುಬು,
ವರ್ನೀಟಾ ಪೆಟಿಗ್ರೂ ಬರುವ ತನಕ.

ಹತ್ತೊಂಬತ್ತು ವರ್ಷ ಪತ್ರಿಕೆಯಲ್ಲಿದ್ದವಳು.
ಬೆಂಕಿ, ಮುಷ್ಕರ, ಶಾಲಾ ಮಂಡಳಿಯ ಜಗಳ,
ಉಕ್ಕಿನ ಕಾರ್ಖಾನೆಯ ಕೊನೆಯ ಪಾಳಿ,
ಎಲ್ಲ ಬರೆದು ಮುಗಿಸಿ, ಒಂದು ಮಾರ್ಚಿಯಲ್ಲಿ
ತನ್ನ ಪತ್ರಿಕೆಯದೇ ಮರಣವಾರ್ತೆಯನ್ನು
ನೂರಿಪ್ಪತ್ತು ಪದಕ್ಕೆ ಇಳಿಸಿ
ಈರಿ ಸರೋವರದ ಹಿಮಗಡ್ಡೆ ಒಡೆಯುವ ಹೊತ್ತಿಗೆ
ನೀರಿನ ಇಲಾಖೆಗೆ ಬಂದಳು.
ಆಚೆ ದಡ ಸೇರಿದೆಯಲ್ಲ, ಅಂದರು ಹಳೆಯ ಗೆಳೆಯರು.
ಈ ದಡದಲ್ಲಿ ಪಿಂಚಣಿಯಿದೆ, ಅಂದಳು.

ಮೊದಲ ದಿನವೇ ಮೆಟ್ಟಿಲಿಳಿದು ಬಂದು
ನನ್ನ ಕೈಯ ಹಾಳೆ ಕಿತ್ತುಕೊಂಡು ಓದಿದಳು:
‘ಕೆಲವು ಅಡಚಣೆಗಳು ಉಂಟಾಗಿರುವುದನ್ನು ಗಮನಿಸಲಾಗಿದೆ.’
ಯಾರು ಗಮನಿಸಿದ್ದು, ಹುದಾಕ್?
ಈ ವಾಕ್ಯಕ್ಕೆ ತಲೆಯೇ ಇಲ್ಲ,
ಬರೀ ಬಾಲ ಅಲ್ಲಾಡಿಸುತ್ತಿದೆ.

ಅವಳ ಅಳತೆಗೋಲು ಒಂದೇ:
ಪೂರ್ವದ ಇಪ್ಪತ್ತೆಂಟನೇ ಬೀದಿಯ ಓಝೆಲ್ಲಾ ಗಿಬ್ಸ್,
ಎಂಬತ್ತೊಂದು ವರ್ಷ, ಒಂದು ಕಣ್ಣಿಗೆ ಪೊರೆ,
ಒಲೆಯ ಮುಂದೆ ನಿಂತು ಓದಿದರೆ ತಿಳಿಯಬೇಕು.
ತಿಳಿಯದಿದ್ದರೆ ಅದು ಬರೀ ಕಾಗದ.

ಆ ಜನವರಿ, ದೊಡ್ಡ ಕೊಳವೆ ಒಡೆದಾಗ
ಬರೆದದ್ದು ಮೂರೇ ಸಾಲು:
ನಲ್ಲಿಯ ನೀರು ಕೆಟ್ಟಿದೆ.
ಒಂದು ನಿಮಿಷ ಕೊತಕೊತ ಕುದಿಸಿ.
ಆರಿಸಿ ಕುಡಿಯಿರಿ.
ಹಳದಿ ಕಾಗದ, ದಪ್ಪ ಅಕ್ಷರ, ಹನ್ನೆರಡು ಸಾವಿರ ಪ್ರತಿ.
ಊರಿಗೆ ಊರೇ ಕುದಿಸಿತು. ಒಬ್ಬರ ಹೊಟ್ಟೆಯೂ ಕೆಡಲಿಲ್ಲ.
ಮೇಯರ್ ಗಾಜಿನ ಫಲಕವೊಂದನ್ನು ಕೊಟ್ಟರು;
ಗಾಳಿಗೆ ಬಾಗಿಲು ಬಡಿಯದಂತೆ
ಅದನ್ನೇ ಅಡ್ಡ ಇಡುತ್ತಿದ್ದಳು.

ಎರಡು ವರ್ಷ ಕಳೆದು ಸೀಸದ ಲೆಕ್ಕ ಬಂತು.
ಹಳೆಯ ಕೊಳವೆಗಳು, ಪೂರ್ವದ ಬೀದಿಗಳು.
ಇನ್ನೊಂದು ಪರೀಕ್ಷೆಯಾಗಲಿ, ಅಂದರು ನಿರ್ದೇಶಕರು,
ಅಲ್ಲಿಯ ತನಕ ‘ಪರಿಶೀಲಿಸಲಾಗುತ್ತಿದೆ’ ಎನ್ನಿ.
ಮೂರು ವಾರ ಅವಳು ಅದನ್ನೇ ಅಂದಳು.
ಇದನ್ನು ನಾನು ಮುಚ್ಚಿಡುವುದಿಲ್ಲ, ಅವಳೂ ಮುಚ್ಚಿಡಲಿಲ್ಲ.
ಮೂರು ವಾರ ನಾನೂ ಅದನ್ನೇ ಒತ್ತಿದೆ.

ನಾಲ್ಕನೆಯ ವಾರ ಇಪ್ಪತ್ತೆಂಟನೇ ಬೀದಿಗೆ ಹೋದಳು.
ಫ್ರಿಜ್ಜಿನ ಬಾಗಿಲಲ್ಲಿ ಆ ಹಳದಿ ಕಾಗದ,
ಎಣ್ಣೆಗೈಯ ಕಲೆ, ಮೂಲೆಗೊಂದು ಮೀನಿನ ಆಯಸ್ಕಾಂತ.
ಒಲೆಯ ಮೇಲೆ ಪಾತ್ರೆ.
‘ಗುಸುಗುಸು ಕೇಳಿದೆ, ಮಗಳೇ.
ನೀನು ಒಂದು ನಿಮಿಷ ಅಂದಿದ್ದೆ,
ನಾನು ಇಪ್ಪತ್ತು ನಿಮಿಷ ಕುದಿಸುತ್ತೇನೆ.
ಮರಿಮಗುವಿನ ಹಾಲಿನಪುಡಿಗಲ್ಲವೇ.’

ಸೀಸ ಕುದಿಗೆ ಸಾಯುವುದಿಲ್ಲ.
ನೀರು ಆವಿಯಾಗಿ ಹೋಗುತ್ತದೆ, ಅದು ಕೂತಿರುತ್ತದೆ,
ಬತ್ತಿಸಿದ ಸಾರಿನ ಉಪ್ಪಿನಂತೆ.

ಅಲ್ಲಿ ಏನು ಹೇಳಿದಳೋ ಗೊತ್ತಿಲ್ಲ.
ಸಂಜೆ ಏಳಕ್ಕೆ ನೆಲಮಾಳಿಗೆಗೆ ಬಂದಳು,
ಕೋಟು ಕಳಚಲಿಲ್ಲ.
ಯಾರ ಸಹಿಯೂ ಇಲ್ಲದ ಹಾಳೆ ಚಾಚಿದಳು:
ಕುದಿಸಬೇಡಿ.
ನೀರಿನಲ್ಲಿ ಸೀಸವಿದೆ.
ನಗರಸಭೆಗೆ ಮೂರು ವಾರದಿಂದ ಗೊತ್ತು.
ನನಗೂ ಗೊತ್ತಿತ್ತು.
ಕೆಳಗೆ ಅವಳ ಹೆಸರು, ಮನೆಯ ಫೋನ್ ನಂಬರು.

ನನ್ನಪ್ಪ ಸೀಸದ ಮೊಳೆ ಜೋಡಿಸುತ್ತಿದ್ದವನು.
ಊಟಕ್ಕೆ ಮುಂಚೆ ಮೊಣಕೈವರೆಗೆ ತಿಕ್ಕಿ ತೊಳೆಯುತ್ತಿದ್ದ,
ನಮ್ಮನ್ನು ಎತ್ತಿಕೊಳ್ಳುವ ಮುಂಚೆ ಇನ್ನೊಮ್ಮೆ.
ಯಂತ್ರದ ಗುಂಡಿ ಅದುಮುವಾಗ ನೆನಪಾದದ್ದು ಅಷ್ಟೇ.
ಹಳದಿ ಬೇಡ, ಅಂದಳು. ಹಳದಿ ಎಂದರೆ ಕುದಿಸುತ್ತಾರೆ.
ಉಳಿದಿದ್ದದ್ದು ಗುಲಾಬಿ, ಈಸ್ಟರ್ ಮೆರವಣಿಗೆಯದು.

ಮೇಲಿನವರು ಕೈತೊಳೆದುಕೊಂಡರು,
ಯಾವ ನೀರಿನಲ್ಲೋ.
ಅವಳ ಪಿಂಚಣಿ ಹೋಯಿತು. ನನ್ನದು ಉಳಿಯಿತು.
ಯಾರು ಒತ್ತಿದ್ದು ಎಂದು ಯಾರೂ ಕೇಳಲಿಲ್ಲ;
‘ಮುದ್ರಿಸಲಾಗಿದೆ’ ಎಂಬುದರೊಳಗೆ
ನಾನು ಬೆಚ್ಚಗಿದ್ದೆ.

ಈಗ ಚರ್ಚಿನ ಹಿಂದಿನ ಕೋಣೆಯಲ್ಲಿ ಕೂರುತ್ತಾಳೆ.
ಗೋಡೆಗೆ ಬೀದಿಗಳ ನಕಾಶೆ;
ಯಾರ ಮನೆಗೆ ಹೊಸ ಕೊಳವೆ ಬಂತು,
ಯಾವ ಮಗುವಿನ ರಕ್ತಪರೀಕ್ಷೆ ಬಾಕಿ.
ಸಭೆಯಲ್ಲಿ ಮೂರು ನಿಮಿಷದ ಮೈಕಿಗೆ ನಡುಗುವವರಿಗೆ
ಮೊದಲ ವಾಕ್ಯ ಹೇಳಿಕೊಡುತ್ತಾಳೆ:
ಹೆಸರು ಹೇಳಿ. ಬೀದಿ ಹೇಳಿ.
ಯಾರು ಏನು ಮಾಡಿದರು ಹೇಳಿ.

ಶನಿವಾರ ನಾನು ಹೋಗುತ್ತೇನೆ, ಕಾಗದ ಮಡಿಸಲು.
ಓಝೆಲ್ಲಾ ಗಿಬ್ಸ್ ಇನ್ನೂ ಕುದಿಸುತ್ತಾಳಂತೆ,
ಬಾಟಲಿಯ ನೀರನ್ನು.
ಹೇಳಿ ನೋಡಿದೆ, ಅಂದಳು ವರ್ನೀಟಾ.
ಮೊದಲು ಹೇಳಿದ್ದೇ ಅವಳಿಗೆ ಚೆನ್ನಾಗಿ ಅರ್ಥವಾಗಿತ್ತು.