ಮೊದಲ ತಟ್ಟೆಯಲ್ಲಿ ಮುತ್ತಿ

ನಮ್ಮ ಶಾಲೆಯಲ್ಲಿ ತಟ್ಟೆ ಎಂದರೆ ಎರಡು.
ಒಂದು ಸ್ಟೀಲಿನದು, ಮಧ್ಯಾಹ್ನ ಲಲ್ಲಿಯಕ್ಕ ಸಾರು ಬಡಿಸುವುದು.
ಇನ್ನೊಂದು ರಟ್ಟಿನದು, ನೆಲದ ಮೇಲೆ.
ಅದರ ಸುತ್ತ ಮಕ್ಕಳು:
ಮೊದಲ ತಟ್ಟೆಯವರಿಗೆ ನಾನು ಪೂರಾ ಬೇಕು,
ಎರಡನೆಯವರಿಗೆ ಅರ್ಧ ಸಾಕು,
ಮೂರು ನಾಲ್ಕರವರು ತಮ್ಮತಮ್ಮಲ್ಲೇ ಜಗಳವಾಡಿ ಕಲಿಯುತ್ತಾರೆ,
ಕೊನೆಯ ತಟ್ಟೆಗೆ ನಾನು ಇದ್ದರೂ ಇಲ್ಲದಿದ್ದರೂ ಒಂದೇ.

ಒಂದು, ಎರಡು, ಮೂರನೆಯ ತರಗತಿ
ಇರುವುದು ಹಾಜರಿ ಪುಸ್ತಕದಲ್ಲಿ ಮಾತ್ರ.
ಗೋಡೆಯ ಮೇಲಿನ ಏಣಿ ಯಾರ ಹುಟ್ಟಿದ ದಿನವನ್ನೂ ಕೇಳುವುದಿಲ್ಲ.
ಮೊಫಿದಾ ಅಸ್ಸಾಮಿನಿಂದ ಬಂದು ಮೂರೇ ತಿಂಗಳು,
ಆಗಲೇ ಮೊಲ ದಾಟಿ ನವಿಲಿನ ಕಾರ್ಡಿಗೆ ಹಾರಿದ್ದಾಳೆ.
ಮೂರನೆಯ ಸಫ್ವಾನ ವಾರದಿಂದ ಆಮೆಯಲ್ಲೇ.
ಆಮೆ ತಾನೇ, ಎನ್ನುತ್ತೇನೆ. ಅವನೂ ನಗುತ್ತಾನೆ.

ನಾನು ರೋಣದ ಕಡೆಯವಳು.
ಮಾಲ್ದಾರೆಯ ಈ ದಾರಿಗೆ ಬಂದ ವರ್ಷ
ನಾನೂ ಮೊದಲ ತಟ್ಟೆಯೇ.
ತೋಟದಂಚಿನಲ್ಲಿ ಆನೆಯ ವಾಸನೆ ಹಿಡಿಯಲು
ನನಗೆ ಕಲಿಸಿದ್ದು ಎರಡನೆಯ ತರಗತಿ.

ಮುತ್ತಿ ಈ ಕೋಣೆಯವಳಲ್ಲ.
ಹನ್ನೊಂದು ವರ್ಷ, ಲೈನ್‌ಮನೆಯ ಕೊನೆಯ ಬಾಗಿಲು.
ಶಾಲೆಯ ಮೆಟ್ಟಿಲು ಹತ್ತದವಳನ್ನು
ವಯಸ್ಸು ನೋಡಿ ಐದಕ್ಕೆ ಸೇರಿಸಿಕೊಂಡೆವು,
ಪಕ್ಕದಲ್ಲಿ ಪೂಣಚ್ಚ ಸರ್ ಭಿನ್ನರಾಶಿ ಹೇಳುವಲ್ಲಿ.
ಎರಡನೆಯ ದಿನವೇ ತಮ್ಮನ ಕೈ ಹಿಡಿದು ಇಲ್ಲಿ ಬಂದು ಕೂತಳು:
'ಬೊಳಕ ಅಳ್ತಾನೆ ಟೀಚರ್.'

ಬೊಳಕ ಅತ್ತದ್ದನ್ನು ನಾನು ಕಂಡಿಲ್ಲ.
ಹಲ್ಲಿಲ್ಲದ ಬಾಯಲ್ಲಿ ನಗುತ್ತ ಅವನು ಕಾರ್ಡು ನೆಕ್ಕುತ್ತಿದ್ದ.
ಅಕ್ಕ ಅದನ್ನು ಕಿತ್ತು, ಲಂಗಕ್ಕೆ ಒರೆಸಿ,
ದೊಡ್ಡವರ ಗತ್ತಿನಲ್ಲಿ ಎತ್ತಿ ಹಿಡಿಯುತ್ತಿದ್ದಳು:
ಹೇಳು, ರ. ಹೇಳು, ಗ.
ನಾನು ಹೇಳಿದ್ದಕ್ಕಿಂತ ಒಂದು ಉಸಿರು ತಡವಾಗಿ.

ಪೂಣಚ್ಚ ಸರ್ ಬಾಗಿಲಿಗೆ ಬಂದು ಹುಬ್ಬು ಹಾರಿಸಿದರು.
ಸಹಾಯಕ್ಕೆ ಇರಲಿ ಸರ್, ಅಂದೆ.
ಅವರಿಗೂ ಗೊತ್ತು. ಕನ್ನಡಕ ಒರೆಸಿಕೊಂಡು ಹೋದರು.

ಲೆಕ್ಕದಲ್ಲಿ ಅವಳು ನನಗಿಂತ ಚುರುಕು.
ನಲವತ್ತೇಳು ಕೆ.ಜಿ. ಹಣ್ಣು, ಐದೂವರೆಯಂತೆ?
ಇನ್ನೂರ ಐವತ್ತೆಂಟೂವರೆ, ಎಂದಳು ಕಿಟಕಿಯ ಆಚೆ ನೋಡುತ್ತ,
ನಾನಿನ್ನೂ ಬೆರಳು ಮಡಚುತ್ತಿರುವಾಗ.
ಒಂದು ಏಣಿಯ ತುದಿಯಲ್ಲಿ ತಲೆ,
ಇನ್ನೊಂದರ ಬುಡದಲ್ಲಿ ಕಾಲು.
ಇಂಥವಳನ್ನು ಯಾವ ಖಾನೆಯಲ್ಲಿ ಬರೆಯಲಿ?
ಪೆನ್ಸಿಲಿನಲ್ಲಿ ಬರೆದೆ.

ರ ಗ ಸ ದ ಅ.
ನಮ್ಮಲ್ಲಿ ಅಕ್ಷರ ಬರುವುದು ಈ ಸಾಲಿನಲ್ಲಿ.
ಐದೇ ಅಕ್ಷರ: ಸರ, ಅರಸ, ಅಗಸ.
ಬೊಳಕ ಸರ ಎಂದರೆ ಏನೆಂದು ಕುತ್ತಿಗೆ ಮುಟ್ಟಿ ತೋರಿಸಿದ.
ಅರಸನನ್ನು ಯಾರೂ ಕಂಡಿರಲಿಲ್ಲ.
ಮುತ್ತಿ ಎರಡು ಕಾರ್ಡು ತೆಗೆದು ಪಕ್ಕಪಕ್ಕ ಇಟ್ಟಳು,
ದ, ರ,
ಮತ್ತೆ ತೆಗೆದಳು, ಮತ್ತೆ ಇಟ್ಟಳು.
ತುಟಿ ಅಲುಗಿತು. ದನಿ ಬರಲಿಲ್ಲ.

ಜನವರಿ. ಹಣ್ಣು ಕೊಯ್ಲು. ಅರ್ಧ ಶಾಲೆ ತೋಟದಲ್ಲಿ.
ನಾಲ್ಕು ದಿನ ಬಿಟ್ಟು ಬಂದವಳು
ಬ್ಯಾಗು ಕೆಳಗಿಡುವ ಮೊದಲೇ ಹೇಳಿದಳು:
'ತೂಕದ ಹತ್ತಿರ ಒಂದು ಹಲಗೆ ಉಂಟು ಟೀಚರ್.
ದರ ಅಂತ ಬರ್ದಿದೆ. ಪಕ್ಕ ಆರು.
ಇಷ್ಟು ದಿನ ಆ ಆರು ಯಾಕೆ ಅಂತ ಗೊತ್ತಿರ್ಲಿಲ್ಲ.
ರೈಟರ್ ಅವ್ವನಿಗೆ ಕೊಟ್ಟದ್ದು ಐದೂವರೆ.'

ಮತ್ತೆ?

'ಕೇಳಿದೆ. ಯಾರು ಓದಿದ್ದು ಅಂದ್ರು. ನಾನು ಅಂದೆ.'

ನಂತರ ಏನಾಯಿತೆಂದು ಅವಳು ಹೇಳಲಿಲ್ಲ.
ಇಪ್ಪತ್ಮೂರೂವರೆ, ಎಂದಷ್ಟೇ ಗೊಣಗಿ
ಕಾರ್ಡುಗಳನ್ನು ರಬ್ಬರ್ ಬ್ಯಾಂಡು ಹಾಕಿ ತಟ್ಟೆಯಲ್ಲಿಟ್ಟಳು.
ನಾನು ಏಣಿಯನ್ನು ಮೇಲಿನಿಂದ ಕೆಳಗೆ ಹುಡುಕಿದೆ.
ಇದಕ್ಕೆ ಯಾವ ಪ್ರಾಣಿಯ ಚಿತ್ರವೂ ಇರಲಿಲ್ಲ.

ಸೋಮವಾರ ಅವಳೇ ಎದ್ದು ಪಕ್ಕದ ಕೋಣೆಗೆ ಹೋದಳು.
ಭಿನ್ನರಾಶಿ ಗೋಡೆಯಾಚೆಯಿಂದ ಕೇಳಿಸುತ್ತದೆ,
ನಡುವೆ ಅವಳ ಉತ್ತರ, ಸರ್ ಪ್ರಶ್ನೆ ಮುಗಿಸುವ ಮುಂಚೆ.

ಈಗ ಬೊಳಕ ನಿಜವಾಗಿ ಅಳುತ್ತಾನೆ.
ಮೊಫಿದಾ ಅವನ ಮುಂದೆ ಕೂತು
ಕಾರ್ಡು ಲಂಗಕ್ಕೆ ಒರೆಸಿ ಎತ್ತಿ ಹಿಡಿಯುತ್ತಾಳೆ,
ತಲೆಕೆಳಗಾಗಿ.