ಮೈಕಿನವನ ಲೆಕ್ಕ

ನಾನು ಮೈಕಿನವ.
ಚಳಿಗಾಲದಾಗ ಹತ್ತು ದಿನ, ಹಲಗಾದ ಕಡೆ
ಆ ದೊಡ್ಡ ಸೌಧದ ಗಾಜಿನ ಖೋಲಿಯೊಳಗ ಕುಂತು
ಯಾರು ಎದ್ದು ನಿಂತರು ನೋಡತೀನಿ,
ಅವರ ನಂಬರಿನ ಗುಂಡಿ ಒತ್ತತೀನಿ.
ಕೆಂಪು ದೀಪ ಹತ್ತಿದರ ಮಾತು,
ಆರಿದರ ಬರೇ ಬಾಯಿ.

ದಿವಸಕ್ಕ ಆರುನೂರಾ ಐವತ್ತು, ಊಟ ಅವರದು.
ರೊಕ್ಕ ಕೈಗೆ ಬರೂದು ಶಿವರಾತ್ರಿ ದಾಟಿದ ಮ್ಯಾಲೆ.

ಎಂಟು ದಿನ ಒತ್ತಿ ಒತ್ತಿ ಬೆರಳ ತುದಿ ಜೋಮು.
ಕಬ್ಬಿನ ತೂಕಕ್ಕ, ಗಡಿಗೆ, ಕಾಲುವೆ ನೀರಿಗೆ,
ಯಾರೋ ಯಾರಿಗೋ "ನೀ" ಅಂದದ್ದಕ್ಕ ಎರಡು ತಾಸು.
ಒಂಬತ್ತನೇ ದಿನ, ಊಟದ ಗಂಟೆಗೆ ಸ್ವಲ್ಪ ಮೊದಲು,
ಅವರ ಪಗಾರದ ವಿಧೇಯಕ ಬಂತು.
ಗುಂಡಿ ಮ್ಯಾಲೆ ಬೆರಳಿಟ್ಟು ಕಾದೆ.
ಯಾರೂ ಏಳಲಿಲ್ಲ.
ಹೌದು ಅನ್ನೋರು ಕುಂತಲ್ಲೇ ಹೌದು ಅಂದರು.
ಅಲ್ಲ ಅನ್ನೋರಿಗೆ ಸಭೆ ಒಂದು ಉಸಿರಿನಷ್ಟು ಕಾಯಿತು,
ಆ ಉಸಿರಿನಾಗ ನನ್ನ ಕಿವಿಗೆ ಬಂದದ್ದು
ಪೀಠದ ಮೈಕಿನಿಂದ ಹಾಳಿ ಮಗುಚಿದ ಸಪ್ಪಳ, ಅಷ್ಟ.
ಮೂರು ನಿಮಿಷ ಹನ್ನೊಂದು ಸೆಕೆಂಡು.
ನಾ ಹೇಳೂದಲ್ಲ, ಯಂತ್ರ ಬರಕೊಂಡದ್ದು.

ನಮ್ಮಜ್ಜ ಕಾಳಪ್ಪ ಬಡಿಗೇರ, ಮುತ್ನಾಳದಾಗ
ಕೂರಿಗಿ ಕೂಡಿಸಿದ, ನೊಗ ಕೆತ್ತಿದ,
ತೊಟ್ಟಿಲಾ ಮಾಡಿದ, ಚಟ್ಟಾನೂ ಕಟ್ಟಿದ.
ಸುಗ್ಗಿಗೆ ಕಣಕ್ಕ ಹೋಗಿ, ಆಯದ ಜ್ವಾಳಕ್ಕ
ಧೋತರದ ಚುಂಗು ಒಡ್ಡಿ ನಿಲ್ಲತಿದ್ದ.
ಕೊಳಗ ಗೌಡನ ಕೈಯಾಗ:
ಲಾಭ, ಎರಡು, ಮೂರು...
ಒಂದು ಅನ್ನೂದಿಲ್ಲ, ಮೊದಲನೇದು ಯಾವತ್ತೂ ಲಾಭ.

ಒಂದು ವರ್ಷ ಗೌಡನ ಕೈ ಉಳುಕಿತ್ತು.
"ಕಾಳಪ್ಪಾ, ನೀನ ಅಳಕೋ" ಅಂದ.
ಅಜ್ಜ ಕೊಳಗ ತುಂಬಿದ. ಲಾಭ ಅಂದ.
ಅಲ್ಲೇ ನಿಂತ.
ತೆನಿ ಆರಿಸತಿದ್ದ ಗೌಡನ ಮೊಮ್ಮಗಳನ್ನ ಕರದು
ಅಕಿ ಕೈಯಾಗ ಕೊಳಗ ಕೊಟ್ಟ.
ಅಕಿಗೆ ಐದರ ಮುಂದ ಎಣಿಕಿ ಬರತಿರಲಿಲ್ಲ.
ಆ ವರ್ಷ ನಮ್ಮ ಮನ್ಯಾಗ ಐದ ಕೊಳಗ.
ಅಜ್ಜಿ ದೀಪಾವಳಿತನಕ ಬೈದಳು,
ಬೈದದ್ದು ತಪ್ಪಲ್ಲ.

ಸಂಜೀಕ ಕ್ಯಾಂಟೀನಿನಾಗ ಸದಸ್ಯರೊಬ್ಬರು
ಚಹಾ ಆರಿಸಿಕೋತ ಅಂದರು, ನನಗಲ್ಲ, ಗ್ವಾಡಿಗೆ:
"ಮುಂಜಾನೆ ಬಾಗಿಲಾ ತಗದರ ನಾಕು ಲಗ್ನಪತ್ರಿಕಿ,
ಎರಡು ದವಾಖಾನಿ ಚೀಟಿ, ಒಂದು ಕಬಡ್ಡಿ ಟೀಮು.
ಆ ಪಗಾರ ಯಾತಕ್ಕ ಸಾಲತೈತಿ?"
ಖರೆ ಇರಬಹುದು.
ಇದನ್ನ ಒಳಗ ಎದ್ದು ನಿಂತು ಅಂದಿದ್ದರ
ನಾ ಗುಂಡಿ ಒತ್ತತಿದ್ದೆ.
ಅವರದು ನೂರಾ ಏಳು. ಬಾಯಿಪಾಠ ಐತಿ ನನಗ.

ಹತ್ತನೇ ದಿನ ವೈರು ಸುತ್ತೂ ಮುಂದ
ಕಂತ್ರಾಟದಾರ ಸಾತೇರಿ ಹಾಜರಿ ವಹಿ ಚಾಚಿದ:
"ಗಡಿಬಿಡಿ ಐತಿ ಮಾರಾಯಾ, ನಿನ್ನ ದಿನ ನೀನ ಬರಕೋ."
ಪೆನ್ನು ಕೈಯಾಗ. ಸಭಾಗೃಹದಾಗ ಕುರ್ಚಿ ಅಷ್ಟ.
ಎಣಿಸೋ ಹುಡುಗಿ ಒಬ್ಬಾಕಿನ್ನ ಹುಡುಕಿದೆ ಅಂದರ
ಸುಳ್ಳಾಗತೈತಿ.
ಹನ್ನೊಂದು ಅಂತ ಬರದೆ.

ಸಾಮಾನು ಇಳಿಸಿದ ಮೊದಲಿನ ರಾತ್ರಿದೂ ಹಿಡದು, ಅಂತ
ಬಾಗೇವಾಡಿ ಬಸ್ಸಿನಾಗ ಕಿಡಕಿ ಕಡೆ ತಿರುಗಿ
ಎರಡು ಸಲ ಹೇಳಿದೆ.
ಯಾರೂ ಕೇಳಿರಲಿಲ್ಲ.